ಸಭಾಪಾಲನೆ ಮತ್ತು ಸಾಮಾಜಿಕ ನೆರವಿನ ಸೇವೆಗಳು: ಕುಟುಂಬಗಳಿಗೆ ದಾರಿ ತೋರಿಸುವ ಕಾರ್ಯವನ್ನು ಕುರಿತು

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಏಳು ಮಂದಿಯ ನೇಮಕದ ಪ್ರಸಂಗವೆಂದು ಓದುತ್ತೇವೆ. ಆದರೆ ಆ ಪ್ರಸಂಗ ಆರಂಭವಾಗುವುದು ಒಂದು ದೂರಿನಿಂದ. ಗ್ರೀಕ್ ಭಾಷೆಯನ್ನಾಡುವವರ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟಿದ್ದರು. ಯೆರೂಸಲೇಮಿನ ಸಭೆಯಲ್ಲಿ ಹಂಚುವುದಕ್ಕೆ ಏನೂ ಇರಲಿಲ್ಲವೆಂದು ಲೂಕನು ಹೇಳುವುದಿಲ್ಲ. ಹಂಚಿಕೆಯಿತ್ತು, ಹಂಚುವ ಕ್ರಮವೂ ಇತ್ತು. ಅದು ಕೆಲವರ ಬಾಗಿಲಿಗೆ ಮಾತ್ರ ತಲುಪುತ್ತಿರಲಿಲ್ಲ. ಆಗ ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೆಲ್ಲವೂ ಗ್ರೀಕ್ ಹೆಸರುಗಳೆಂಬುದನ್ನು ವ್ಯಾಖ್ಯಾನಕಾರರು ಬಹುಕಾಲದಿಂದ ಗಮನಿಸಿದ್ದಾರೆ. ಕಡೆಗಣಿಸಲ್ಪಟ್ಟವರ ಮಾತು ಬಲ್ಲವರ ಕೈಗೇ ಸಭೆಯು ಆ ಕೆಲಸವನ್ನು ಒಪ್ಪಿಸಿತು ಎಂದು ಇದರಿಂದ ಊಹಿಸಬಹುದು. ಇನ್ನೊಂದು ಸಂಗತಿಯೂ ಇಲ್ಲಿದೆ. ಮೂಲಭಾಷೆಯಲ್ಲಿ ದಿನದಿನದ ಹಂಚಿಕೆಗೂ ವಾಕ್ಯೋಪದೇಶದ ಸೇವೆಗೂ ಬಳಸಿರುವುದು ಒಂದೇ ಪದ, ‘ದಿಯಾಕೋನಿಯ’. ಒಂದನ್ನು ಆತ್ಮಿಕವೆಂದೂ ಇನ್ನೊಂದನ್ನು ಲೌಕಿಕವೆಂದೂ ವಿಂಗಡಿಸುವ ನಮ್ಮ ರೂಢಿಗೆ ಆ ಅಧ್ಯಾಯದಲ್ಲಿ ಆಧಾರ ಸಿಕ್ಕುವುದು ಕಷ್ಟ.

ನಮ್ಮ ಸಭೆಗಳಲ್ಲಿ ಇಂದು ಅದೇ ದೂರು ಬೇರೆ ರೂಪದಲ್ಲಿದೆ. ಗಂಡನನ್ನು ಕಳೆದುಕೊಂಡ ಸ್ತ್ರೀಗೆ ನಾವು ಪ್ರಾರ್ಥಿಸುತ್ತೇವೆ, ಕ್ರಿಸ್ಮಸ್ ಹಬ್ಬಕ್ಕೆ ಸೀರೆಯನ್ನೂ ಅಕ್ಕಿಯನ್ನೂ ಕೊಡುತ್ತೇವೆ, ಬಡವರ ನಿಧಿಯಿಂದ ಶಾಲೆಯ ಶುಲ್ಕ ಕಟ್ಟುತ್ತೇವೆ. ಆಕೆಗೆ ಪ್ರತಿ ತಿಂಗಳೂ ಸಲ್ಲಬೇಕಾದ ವಿಧವಾ ವೇತನ ಮಾತ್ರ ವರ್ಷಗಟ್ಟಲೆ ಬರುವುದಿಲ್ಲ. ಏಕೆಂದರೆ ಅರ್ಜಿ ಎಲ್ಲಿ ಕೊಡಬೇಕೆಂದು ಆಕೆಗೆ ಯಾರೂ ಹೇಳಿರುವುದಿಲ್ಲ. ಸಭಾಪಾಲಕರಿಗೆ ಗೊತ್ತಿದ್ದರೆ ಹೇಳುತ್ತಿದ್ದರು. ದೈವಶಾಸ್ತ್ರದ ಅಧ್ಯಯನಕಾಲದಲ್ಲಿ ಗ್ರೀಕ್ ಕ್ರಿಯಾಪದಗಳ ರೂಪಗಳನ್ನು ಕಂಠಪಾಠ ಮಾಡಿದ ನಾವು ಹೋಬಳಿಯ ನಾಡಕಚೇರಿಯ ಒಳಗೆ ಒಮ್ಮೆಯಾದರೂ ಕಾಲಿಟ್ಟಿರಬೇಕಾಗಿತ್ತು.

ದಾನವೂ ಹಕ್ಕೂ

ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವು ಹೊಲದ ಅಂಚಿನ ಪೈರನ್ನೂ ಉದುರಿದ ತೆನೆಗಳನ್ನೂ ಬಡವರಿಗಾಗಿಯೂ ಪರದೇಶಿಗಳಿಗಾಗಿಯೂ ಬಿಡಬೇಕೆಂದು ಆಜ್ಞಾಪಿಸುತ್ತದೆ. ಇದು ಯಜಮಾನನ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಅಂಚಿನ ಪೈರು ಧರ್ಮಶಾಸ್ತ್ರದ ಪ್ರಕಾರ ಆತನದಲ್ಲವೇ ಅಲ್ಲ. ಆದರೂ ಹಕ್ಕಿದ್ದ ಮಾತ್ರಕ್ಕೆ ಹೊಲದಲ್ಲಿ ಅದು ಸುಲಭವಾಗಿ ಕೈಗೆ ಬರುವುದಿಲ್ಲವೆಂಬುದನ್ನು ರೂತಳ ಪುಸ್ತಕ ತೋರಿಸುತ್ತದೆ. ಮೋವಾಬಿನ ವಿಧವೆ ಹಕ್ಕಲಾಯಲು ಬಂದಾಗ ಬೋವಜನು ತನ್ನ ಆಳುಗಳಿಗೆ ಆಕೆಯನ್ನು ಮುಟ್ಟಬಾರದೆಂದೂ ಗದರಿಸಬಾರದೆಂದೂ ಅಪ್ಪಣೆ ಕೊಡಬೇಕಾಯಿತು. ಧರ್ಮಶಾಸ್ತ್ರದಲ್ಲಿ ಬರೆದದ್ದಕ್ಕೂ ಹೊಲದಲ್ಲಿ ನಡೆಯುವುದಕ್ಕೂ ನಡುವೆ ಒಬ್ಬ ಮನುಷ್ಯ ನಿಲ್ಲಬೇಕಾಯಿತು. ಸಭಾಪಾಲಕರ ಕೆಲಸ ಈ ನಡುವಿನ ಸ್ಥಳದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಕರ್ನಾಟಕದ ಕ್ರೈಸ್ತ ಸಭೆಗಳಿಗೆ ಸಂಸ್ಥೆಗಳನ್ನು ಕಟ್ಟುವುದು ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಜಾತಿ ಮತ್ತು ಜೀವನೋಪಾಯಗಳೆರಡನ್ನೂ ಕಳೆದುಕೊಂಡ ಹೊಸ ವಿಶ್ವಾಸಿಗಳಿಗಾಗಿ ನೇಯ್ಗೆಯ ಶಾಲೆಯನ್ನೂ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದರು. ಆ ಪರಂಪರೆ ನಮಗೆ ಹೆಮ್ಮೆಯದೇ. ಅದು ಒಂದು ಅಭ್ಯಾಸವನ್ನೂ ಬೆಳೆಸಿತು: ನೆರವೆಂದರೆ ನಮ್ಮ ಕಟ್ಟಡದೊಳಗೆ, ನಮ್ಮ ಕೈಯಿಂದ ಕೊಡುವುದು ಎಂಬ ಭಾವನೆ. ನೆರವಿನ ಹೆಚ್ಚಿನ ಭಾಗ ಇಂದು ನಮ್ಮ ಕಟ್ಟಡಗಳ ಹೊರಗಿದೆ.

ಸತ್ತವರ ದಾಖಲೆ, ಬದುಕಿರುವವರ ಬದುಕು

ಮರಣದ ಸಂದರ್ಭವನ್ನೇ ತೆಗೆದುಕೊಳ್ಳೋಣ. ಸಭಾಪಾಲಕರು ತಪ್ಪದೆ ಹಾಜರಿರುವ ಸಂದರ್ಭವದು. ಸಮಾಧಿ ಸಂಸ್ಕಾರ ಮುಗಿದು ಸಭೆಯ ಪುಸ್ತಕದಲ್ಲಿ ಹೆಸರು ಬರೆದಾದ ಮೇಲೆ ‘ದಾಖಲಾಯಿತು’ ಎಂದು ಕುಟುಂಬದವರು ನಂಬುತ್ತಾರೆ. ಆದರೆ ಸಭೆಯ ಸಮಾಧಿ ದಾಖಲೆ ಸರ್ಕಾರದ ಮರಣ ಪ್ರಮಾಣಪತ್ರವಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮರಣವನ್ನು 21 ದಿನಗಳೊಳಗೆ ಸ್ಥಳೀಯ ನೋಂದಣಾಧಿಕಾರಿಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಸತ್ತರೆ ಆಸ್ಪತ್ರೆಯೇ ತಿಳಿಸುತ್ತದೆ; ಮನೆಯಲ್ಲಿ ಸತ್ತರೆ ಆ ಹೊಣೆ ಮನೆಯವರದು, ಮತ್ತು ಗ್ರಾಮಾಂತರ ಸಭೆಗಳಲ್ಲಿ ತಪ್ಪಿಹೋಗುವುದು ಇಂಥ ಮರಣಗಳೇ. ಒಂದು ವರ್ಷ ದಾಟಿದ ಮೇಲೆ ದಂಡಾಧಿಕಾರಿಯ ಆದೇಶವಿಲ್ಲದೆ ನೋಂದಣಿಯಾಗದು. ಕೂಲಿ ಮಾಡುವ ಹೆಣ್ಣುಮಗಳು ತಾಲ್ಲೂಕು ಕೇಂದ್ರಕ್ಕೆ ಎಷ್ಟು ಬಾರಿ ಅಲೆಯಬಲ್ಲಳು?

ಈ ಒಂದು ಕಾಗದದ ಮೇಲೆ ನಿಂತಿರುವುದು ಬಹಳ. ವಿಧವಾ ವೇತನಕ್ಕೆ ಅದು ಬೇಕು. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವ ವ್ಯಕ್ತಿ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಡಿ ಒಮ್ಮೆ ದೊರೆಯುವ 20,000 ರೂಪಾಯಿಗೂ ಅದು ಬೇಕು. ಬ್ಯಾಂಕಿನ ಖಾತೆ, ವಿಮೆ, ಮನೆಯ ಖಾತೆ ಬದಲಾವಣೆ, ಪಡಿತರ ಚೀಟಿಯ ತಿದ್ದುಪಡಿ, ಎಲ್ಲಕ್ಕೂ ಅದೇ ಮೊದಲು. ಆದುದರಿಂದ ಮೂರನೆಯ ದಿನದ ಪ್ರಾರ್ಥನೆಗೋ ತಿಂಗಳ ಪ್ರಾರ್ಥನೆಗೋ ಮನೆಗೆ ಹೋದಾಗ ‘ಮರಣ ನೋಂದಣಿಯಾಯಿತೇ?’ ಎಂದು ಕೇಳುವುದು ಸಾಂತ್ವನದ ಮಾತುಗಳಿಗೆ ಹೊರತಾದ ಪ್ರಶ್ನೆಯಲ್ಲ.

ಹೆಸರಿನ ತೊಡಕು ಇನ್ನೊಂದು. ದೀಕ್ಷಾಸ್ನಾನದ ಪುಸ್ತಕದಲ್ಲಿ ಮರಿಯಮ್ಮ, ಪಡಿತರ ಚೀಟಿಯಲ್ಲಿ ಮಾರಮ್ಮ, ಆಧಾರ್ ಕಾರ್ಡಿನಲ್ಲಿ ಮೇರಿ ಎಂದಿದ್ದರೆ ಕಚೇರಿಯ ಗಣಕಯಂತ್ರಕ್ಕೆ ಅವರು ಮೂವರು ಸ್ತ್ರೀಯರು. ಮಗುವಿಗೆ ದೀಕ್ಷಾಸ್ನಾನ ಕೊಡುವಾಗಲೇ ಜನನ ಪ್ರಮಾಣಪತ್ರದಲ್ಲಿರುವ ಹೆಸರನ್ನು ನೋಡಿ ಬರೆಯುವ ಶಿಸ್ತು ಸಭೆಯಲ್ಲಿದ್ದರೆ ಮುಂದೆ ಅರ್ಧ ತೊಂದರೆ ತಪ್ಪುತ್ತದೆ. ದಲಿತ ಹಿನ್ನೆಲೆಯ ಕುಟುಂಬಗಳ ವಿಷಯದಲ್ಲಿ ಇದಕ್ಕಿಂತ ಆಳವಾದ ಭಯವೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಆರಂಭದಲ್ಲಿ ಹಿಂದೂಗಳಿಗೆ ಸೀಮಿತವಾಗಿದ್ದು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಒಳಗೊಂಡಿತು. ಕ್ರೈಸ್ತರು ಇಂದಿಗೂ ಹೊರಗಿದ್ದಾರೆ. ಹೀಗಾಗಿ ಸಭೆಯ ಪತ್ರವನ್ನು ಕೈಯಲ್ಲಿ ಹಿಡಿದು ಕಚೇರಿಗೆ ಹೋಗಲು ಹಲವರು ಅಂಜುತ್ತಾರೆ. ಅವರಿಗೆ ತಿಳಿಸಿ ಹೇಳಬೇಕಾದದ್ದು ಇಷ್ಟು: ವಿಧವಾ ವೇತನ, ವೃದ್ಧಾಪ್ಯ ವೇತನ, ಅಂಗವಿಕಲ ವೇತನಗಳು ಜಾತಿಯನ್ನಾಗಲಿ ಧರ್ಮವನ್ನಾಗಲಿ ಆಧರಿಸಿದವುಗಳಲ್ಲ, ಆದಾಯ, ವಯಸ್ಸು, ಸ್ಥಿತಿಗಳನ್ನು ಆಧರಿಸಿದವು.

ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಟ್ಟಾಗ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಬೇಕು. 2011ರ ಸಕಾಲ ಕಾಯಿದೆಯಂತೆ ಪ್ರತಿ ಸೇವೆಗೂ ದಿನಗಳ ಗಡುವುಂಟು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಪರಿಹಾರದ ಹಣ ಅಲ್ಪ. ಆದರೆ ಆ ಚೀಟಿ ಕೈಯಲ್ಲಿದ್ದವರಿಗೆ ಗುಮಾಸ್ತರು ‘ನಾಳೆ ಬಾ’ ಎನ್ನುವ ಧ್ವನಿಯೇ ಬದಲಾಗುತ್ತದೆ.

ರೋಗದ ಸಂದರ್ಭದಲ್ಲಿ ಒಂದು ಸಂಗತಿಯನ್ನು ಮುಂಚೆಯೇ ಹೇಳಿರಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ತುರ್ತು ಸ್ಥಿತಿಗಳನ್ನು ಬಿಟ್ಟು ಉಳಿದಂತೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ನೇರವಾಗಿ ದೊಡ್ಡ ಆಸ್ಪತ್ರೆಗೆ ಸೇರಿಸಿ, ಹೊಲ ಅಡವಿಟ್ಟು, ಅನಂತರ ಸಭೆಯಲ್ಲಿ ಕಾಣಿಕೆ ಎತ್ತುವುದಕ್ಕಿಂತ ಈ ಕ್ರಮವನ್ನು ಮುಂಚಿತವಾಗಿ ತಿಳಿಸುವುದು ಲೇಸು. ಅಂಗವೈಕಲ್ಯವುಳ್ಳ ಮಕ್ಕಳಿರುವ ಮನೆಗಳಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಪರಿಚಯಿಸಿದರೆ ಸಾಕು, ಮುಂದಿನ ದಾರಿಯನ್ನು ಅವರು ಬಲ್ಲರು. 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದದ್ದು 2016ರ ಕಾಯಿದೆಯಲ್ಲಿ 21 ಆಗಿದೆ. ಹಿಂದೊಮ್ಮೆ ‘ಆಗದು’ ಎಂದು ಮರಳಿ ಕಳುಹಿಸಲ್ಪಟ್ಟವರು ಮತ್ತೊಮ್ಮೆ ಕೇಳಬಹುದು.

ಬಾಗಿಲು ಮುಚ್ಚಿದ ಮನೆಗಳು

ಇಷ್ಟರವರೆಗೆ ಹೇಳಿದ್ದು ಜನರು ಬಾಯಿಬಿಟ್ಟು ಹೇಳಿಕೊಳ್ಳುವ ಕಷ್ಟಗಳು. ಹೇಳಿಕೊಳ್ಳಲಾಗದವುಗಳಲ್ಲಿ ಸಭಾಪಾಲಕರ ಹೊಣೆ ಇನ್ನೂ ಸೂಕ್ಷ್ಮವಾದದ್ದು.

ಮನೋರೋಗವು ಅಂಥದ್ದು. ಅದನ್ನು ದುರಾತ್ಮದ ಕಾಟವೆಂದೋ ವಿಶ್ವಾಸದ ಕೊರತೆಯೆಂದೋ ಕರೆದು, ಉಪವಾಸ ಪ್ರಾರ್ಥನೆಯೊಂದನ್ನೇ ಮದ್ದಾಗಿ ಕೊಟ್ಟು, ಚಿಕಿತ್ಸೆಯ ಅಮೂಲ್ಯ ತಿಂಗಳುಗಳನ್ನು ಕಳೆಯುವ ಸಭೆಗಳು ನಮ್ಮ ನಡುವೆ ಇಲ್ಲವೆನ್ನಲಾಗದು. ಯಾಕೋಬನ ಪತ್ರಿಕೆಯಲ್ಲಿ ಹಿರಿಯರು ಪ್ರಾರ್ಥಿಸುತ್ತಾರೆ, ಎಣ್ಣೆಯನ್ನೂ ಹಚ್ಚುತ್ತಾರೆ. ಎರಡೂ ಒಟ್ಟಿಗೆ ನಡೆಯುತ್ತವೆ. ದೊಡ್ಡ ಆಸ್ಪತ್ರೆಗಳಿಂದ ದೂರದಲ್ಲಿಯೂ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯವೆಂದು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಹಗಲುರಾತ್ರಿ ಲಭ್ಯವಿರುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಕೊಟ್ಟು ಬರುವುದಕ್ಕಿಂತ, ಪಕ್ಕದಲ್ಲಿ ಕುಳಿತು ಮೊದಲ ಕರೆಯನ್ನು ಮಾಡಿಸುವುದು ಮೇಲು.

ಹೊಡೆತ ತಿನ್ನುವ ಹೆಂಡತಿಗೆ ‘ಸಹಿಸಿಕೋ, ಪ್ರಾರ್ಥಿಸು’ ಎನ್ನುವುದು ಆಲೋಚನೆಯಲ್ಲ; ಅದು ಆಕೆಯನ್ನು ಮರಳಿ ಅದೇ ಕೋಣೆಗೆ ಕಳುಹಿಸುವುದು. 2005ರ ಕಾಯಿದೆಯಡಿ ಸಂರಕ್ಷಣಾಧಿಕಾರಿ ಇರುತ್ತಾರೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಆ ಹೊಣೆ ಕೊಟ್ಟಿದೆ. 181 ಮಹಿಳಾ ಸಹಾಯವಾಣಿ, ಸಖಿ ಕೇಂದ್ರ, ಸಾಂತ್ವನ ಕೇಂದ್ರಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಯಾವ ಸ್ತ್ರೀಗಾದರೂ ಆದಾಯವನ್ನು ನೋಡದೆ ಉಚಿತ ವಕೀಲರ ನೆರವು ದೊರೆಯುತ್ತದೆ; ಅದಕ್ಕೆ 15100. ಆದರೆ ಹೋಗುವುದೋ ಬಿಡುವುದೋ ಎಂಬ ನಿರ್ಧಾರ ಆಕೆಯದು. ಆಕೆ ಹೇಳಿದ್ದನ್ನು ಸಭಾ ಸಮಿತಿಯ ಮುಂದಿಡುವುದಾಗಲಿ, ‘ಹೆಸರು ಹೇಳದೆ’ ಭಾನುವಾರದ ಪ್ರಾರ್ಥನಾ ವಿಜ್ಞಾಪನೆಯಲ್ಲಿ ಸೇರಿಸುವುದಾಗಲಿ ಸಲ್ಲದು. ಸಣ್ಣ ಊರಿನಲ್ಲಿ ಹೆಸರು ಹೇಳದಿದ್ದರೂ ಎಲ್ಲರಿಗೂ ತಿಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಈ ನಿಯಮ ತಿರುಗುಮುರುಗಾಗುತ್ತದೆ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮು, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದ ಯಾವ ವ್ಯಕ್ತಿಯೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ. ತಿಳಿಸದಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ. ಸಂಸ್ಥೆಯೊಂದರ ಮುಖ್ಯಸ್ಥರು ತಮ್ಮ ಅಧೀನರ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆವಾಸ. ಧರ್ಮಸೇವಕರಿಗೆ ಆ ಕಲಮಿನಲ್ಲಿ ವಿನಾಯಿತಿಯಿಲ್ಲ. ಪಾಪನಿವೇದನೆಯ ಗೌಪ್ಯದ ಚರ್ಚೆ ದೈವಶಾಸ್ತ್ರದ ತರಗತಿಯಲ್ಲಿ ನಡೆಯಲಿ; ವಸತಿಗೃಹದ ಅಥವಾ ಭಾನುವಾರ ಶಾಲೆಯ ಮಗುವೊಂದು ಬಂದು ಮಾತನಾಡಿದಾಗ ನಾವು ಪಾಪನಿವೇದನೆಯನ್ನು ಕೇಳುತ್ತಿಲ್ಲ, ಸಾಕ್ಷ್ಯವನ್ನು ಕೇಳುತ್ತಿದ್ದೇವೆ. ಸಭೆಯ ಮಾನ ಹೋದೀತೆಂದು ಹಿರಿಯರು ಕೂಡಿ ರಾಜಿ ಮಾಡಿಸುವ ಪದ್ಧತಿ ಕಾನೂನಿನ ಮುಂದೆ ಅಪರಾಧ. ದೇವರ ಮುಂದೆ ಅದಕ್ಕಿಂತ ಕಡಿಮೆಯದೇನಲ್ಲ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡಲೇಬಾರದು. ‘ನಿನ್ನನ್ನು ಕಾಪಾಡಬಲ್ಲವರಿಗೆ ಹೇಳುತ್ತೇನೆ, ನಿನ್ನ ಜೊತೆಯಲ್ಲಿಯೂ ಇರುತ್ತೇನೆ’ ಎನ್ನಬಹುದು. ಮಕ್ಕಳ ಸಹಾಯವಾಣಿ 1098.

ಛತ್ರದವನ ಕೈಗೆ

ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಛತ್ರವನ್ನು ಸಭೆಯೆಂದು ಓದುವ ಪದ್ಧತಿ ಒರಿಗೆನನಷ್ಟು ಹಳೆಯದು. ನಮ್ಮ ವಿಷಯಕ್ಕೆ ಸಾಮ್ಯವನ್ನು ಇದ್ದಂತೆಯೇ ಓದುವುದು ಹೆಚ್ಚು ಉಪಯುಕ್ತ. ಛತ್ರ ಸಮಾರ್ಯದವನದಲ್ಲ, ಛತ್ರದವನು ಅವನ ಮತದವನೋ ಅಲ್ಲವೋ ಲೂಕನು ಹೇಳುವುದಿಲ್ಲ. ಗಾಯ ಕಟ್ಟುವಷ್ಟನ್ನು ಆತ ಸ್ವತಃ ಮಾಡಿದ. ಮುಂದಿನದನ್ನು ಅದಕ್ಕೆಂದೇ ಇರುವ ಸ್ಥಳಕ್ಕೆ ಒಪ್ಪಿಸಿದ. ಒಪ್ಪಿಸಿದವನು ತಾನು ಹಿಂದಿರುಗಿ ಬರುವುದಾಗಿಯೂ ಹೇಳಿದ. ನಮ್ಮಲ್ಲಿ ತಪ್ಪಿಹೋಗುವುದು ಈ ಹಿಂದಿರುಗುವಿಕೆಯೇ. ‘ಇಂಥ ಕಚೇರಿಗೆ ಹೋಗಿ’ ಎಂದು ಹೇಳಿ ಕಳುಹಿಸುತ್ತೇವೆ; ಹೋದರೋ, ಯಾರಾದರೂ ಗದರಿಸಿದರೋ, ಬ್ಯಾಂಕಿಗೆ ಹಣ ಬಂತೋ ಎಂದು ತಿಂಗಳ ನಂತರ ವಿಚಾರಿಸುವವರು ವಿರಳ.

ನೆರವಿಗೆ ಪ್ರತಿಯಾಗಿ ಆರಾಧನೆಯ ಹಾಜರಿಯನ್ನಾಗಲಿ ಕೃತಜ್ಞತೆಯ ಸಾಕ್ಷಿಯನ್ನಾಗಲಿ ನಿರೀಕ್ಷಿಸುವುದು ಹಕ್ಕನ್ನು ಮತ್ತೆ ದಾನವನ್ನಾಗಿ ಮಾಡುತ್ತದೆ. ಪಕ್ಕದ ಮನೆಯ ಮುಸ್ಲಿಂ ವಿಧವೆಯೂ ಲಿಂಗಾಯತ ವೃದ್ಧರೂ ಅದೇ ಅರ್ಜಿಯನ್ನು ಹಿಡಿದು ಬಂದರೆ ಅವರದನ್ನೂ ತುಂಬಿಕೊಡಬೇಕು.

ಇದೆಲ್ಲವನ್ನೂ ಸಭಾಪಾಲಕರೊಬ್ಬರೇ ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ಪ್ರತಿ ಸಭೆಯಲ್ಲಿ ನಿವೃತ್ತ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಅಂಚೆ ಕಚೇರಿಯವರು ಇದ್ದೇ ಇರುತ್ತಾರೆ. ಸ್ತ್ರೀಯರ ಸಂಘದಲ್ಲಿ ಕಚೇರಿಯ ಮೆಟ್ಟಿಲು ಹತ್ತಿ ಪಳಗಿದ ಒಬ್ಬಿಬ್ಬರಾದರೂ ಸಿಕ್ಕುತ್ತಾರೆ. ಅಂಥವರನ್ನು ಹೆಸರಿಟ್ಟು ನೇಮಿಸಿ, ಅವರಿಗಾಗಿ ಒಂದು ಪುಸ್ತಕವನ್ನಿಡಬೇಕು. ಯಾವ ಸೇವೆಗೆ ಯಾವ ಕಚೇರಿ, ಯಾವ ದಿನ, ಯಾವ ಯಾವ ಕಾಗದ ಎಂಬುದಷ್ಟೇ ಅದರಲ್ಲಿರಲಿ. ನೆರವು ಪಡೆದವರ ಹೆಸರುಗಳು ಬೇಡ. ಸಭಾಪಾಲಕರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತದೆ, ಅವರು ಕಲಿತದ್ದೂ ಅವರೊಂದಿಗೇ ಲಾರಿ ಹತ್ತುತ್ತದೆ. ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಪುಸ್ತಕಗಳನ್ನು ಹೊಸಬರಿಗೆ ಒಪ್ಪಿಸಿ ಸಹಿ ಪಡೆಯುವ ದಿನ ಈ ನಾಲ್ಕನೆಯ ಪುಸ್ತಕವನ್ನೂ ಅದೇ ಮೇಜಿನ ಮೇಲಿಡಬಹುದು.