ಮೊದಲು ನಟ್ಟು, ಆಮೇಲೆ ಜಾಕಿ

ಬೆಂಗಳೂರಿನ ಗಾಂಧಿಬಜಾರಿನಲ್ಲಿ ಹೂವು, ಹಣ್ಣು ಕೊಂಡು ಕಾರು ಹತ್ತಿದ್ದೀರಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ಟೀರಿಂಗ್ ಒಂದು ಪಕ್ಕಕ್ಕೆ ಎಳೆಯುತ್ತದೆ, ಕೆಳಗಿನಿಂದ ಪಟಪಟ ಸದ್ದು. ಟಯರ್ ಪಂಚರ್ ಆಗಿದೆ. ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ವೇಗ ತಾನಾಗಿ ಇಳಿಯಲಿ.

ಎಲ್ಲಿ ನಿಲ್ಲಿಸಬೇಕು? ಹಳೇ ಬಡಾವಣೆಯವರಿಗೆ ಇಲ್ಲೊಂದು ಅನುಕೂಲವಿದೆ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರ, ಇವೆಲ್ಲ ನಕ್ಷೆ ಹಾಕಿ ಕಟ್ಟಿದ ಊರುಗಳು. ನಾಲ್ಕು ಹೆಜ್ಜೆಗೊಂದು ಕ್ರಾಸ್ ಸಿಗುತ್ತದೆ. ಬಸ್ಸು ಓಡಾಡುವ ಮೇನ್ ರೋಡಿನಲ್ಲಿ ನಿಲ್ಲದೆ, ನಡಿಗೆಯ ವೇಗದಲ್ಲಿ ಹತ್ತಿರದ ಕ್ರಾಸಿಗೆ ತಿರುಗಿಸಿ. ಅದಕ್ಕಿಂತ ದೂರ ಓಡಿಸಿದರೆ ಟಯರಿನ ಪಕ್ಕದ ಗೋಡೆ ಹರಿದು, ನೂರು ರೂಪಾಯಿಯ ಕೆಲಸ ಹೊಸ ಟಯರಿನವರೆಗೂ ಹೋಗುತ್ತದೆ.

ದೊಡ್ಡ ಬಸವಣ್ಣನ ಗುಡಿಯ ಕಡೆ ಏರುವ ರಸ್ತೆಯಂಥ ಇಳಿಜಾರು ಬೇಡ, ಸಮತಟ್ಟಾದ ಜಾಗ ನೋಡಿ. ನಾಲ್ಕೂ ಇಂಡಿಕೇಟರ್ ಮಿಣುಕುವ ಹಜಾರ್ಡ್ ಲೈಟ್ ಹಾಕಿ. ಮಕ್ಕಳು, ಹಿರಿಯರು ಎಡಗಡೆ ಬಾಗಿಲಿನಿಂದ ಇಳಿದು ಫುಟ್‌ಪಾತಿನ ಮೇಲೆ ನಿಲ್ಲಲಿ. ಕಾರಿನ ಹಿಂದೆ, ಬರುವವರಿಗೆ ದೂರದಿಂದಲೇ ಕಾಣುವಂತೆ, ಕೆಂಪು ತ್ರಿಕೋನ ಇಡಿ.

ಹ್ಯಾಂಡ್ ಬ್ರೇಕ್ ಎಳೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಹೆಚ್ಚಿನ ಕಾರುಗಳಲ್ಲಿ ಅದು ಹಿಂದಿನ ಎರಡು ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಅದರಲ್ಲೊಂದು ಮೇಲೆದ್ದರೆ ಆ ಹಿಡಿತ ಸಡಿಲವಾಯಿತು. ಆದ್ದರಿಂದ ಎಂಜಿನ್ ನಿಲ್ಲಿಸಿ ಫಸ್ಟ್ ಗೇರಿನಲ್ಲಿಡಿ. ಆಟೋಮ್ಯಾಟಿಕ್ ಆದರೆ ‘ಪಿ’ಯಲ್ಲಿ. ಪಂಚರಾದ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ.

ಡಿಕ್ಕಿಯಿಂದ ಜಾಕಿ, ವೀಲ್ ಸ್ಪ್ಯಾನರ್, ಸ್ಟೆಪ್ನಿ ತೆಗೆಯಿರಿ. ಸ್ಟೆಪ್ನಿ ಅಂದರೆ ಬದಲಿ ಚಕ್ರ. 1904ರ ಸುಮಾರಿಗೆ ವೇಲ್ಸ್ ದೇಶದ ಲನೆಥ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಅದನ್ನು ತಯಾರಿಸಿದ್ದರಿಂದ ಬಂದ ಹೆಸರಿದು.

ಇನ್ನು ಮುಖ್ಯವಾದ ಮಾತು. ಕಾರು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ದೇವಸ್ಥಾನದ ಪ್ರದಕ್ಷಿಣೆಗೆ ವಿರುದ್ಧ ದಿಕ್ಕು. ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರ ತಿರುಗುತ್ತದೆ, ಜಗ್ಗಿದ ರಭಸಕ್ಕೆ ಕಾರು ಜಾಕಿಯಿಂದ ಜಾರಬಹುದು. ನಟ್ಟು ಜಪ್ಪಯ್ಯ ಅಂದರೂ ಅಲುಗದಿದ್ದರೆ ಸ್ಪ್ಯಾನರಿನ ತುದಿಯನ್ನು ಕಾಲಿನಿಂದ ನಿಧಾನವಾಗಿ ಒತ್ತಿ.

ಬಾಗಿಲ ಕೆಳಗಿನ ಅಂಚನ್ನು ಬೆರಳಿನಿಂದ ತಡವಿ ನೋಡಿ, ಚಕ್ರದ ಹತ್ತಿರ ಎರಡು ಕಚ್ಚು ಸಿಗುತ್ತವೆ. ಜಾಕಿ ಕೂರಬೇಕಾದ್ದು ಅವುಗಳ ನಡುವೆ. ಅದರ ಬುಡ ಗಟ್ಟಿ ಟಾರಿನ ಮೇಲಿರಲಿ. ಚಾಮರಾಜಪೇಟೆಯಲ್ಲಿ ಒಮ್ಮೆ ಮೋರಿಯ ಚಪ್ಪಡಿಯ ಮೇಲೆ ನಾನು ಜಾಕಿ ಇಟ್ಟಿದ್ದೆ. ಕಲ್ಲು ಅಲುಗಿ ಜಾಕಿ ವಾಲಿತು, ಕಾರು ನಾಲ್ಕು ಬೆರಳಷ್ಟು ಕುಸಿಯಿತು. ನನ್ನ ಕೈ ಅಡಿಯಲ್ಲಿರಲಿಲ್ಲ. ಆವತ್ತಿನಿಂದ ಸ್ಟೆಪ್ನಿಯನ್ನು ಮೊದಲು ಕಾರಿನಡಿ ಮಲಗಿಸಿಡುತ್ತೇನೆ. ಜಾಕಿ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ನೀವೂ ಹಾಗೇ ಮಾಡಿ. ಕಾರಿನಡಿ ಕೈಕಾಲು ಚಾಚಲೇಬೇಡಿ.

ಚಕ್ರ ನೆಲ ಬಿಟ್ಟ ಮೇಲೆ ನಟ್ಟು ಬಿಚ್ಚಿ, ಒಂದೆಡೆ ಜೋಪಾನವಾಗಿಡಿ. ಸ್ಟೆಪ್ನಿ ಈಚೆ ಎಳೆದು, ಹಳೇ ಚಕ್ರವನ್ನು ಅದರ ಜಾಗಕ್ಕೆ ತಳ್ಳಿ. ಸ್ಟೆಪ್ನಿ ಕೂರಿಸಿ ನಟ್ಟುಗಳನ್ನು ಕೈಯಿಂದ ತಿರುಗಿಸಿ. ಅಡಿಯಲ್ಲಿರುವ ಚಕ್ರ ತೆಗೆದು ಕಾರು ಇಳಿಸಿ, ಟಯರ್ ನೆಲಕ್ಕೆ ತಾಗಿದ ಮೇಲೆ ಬಿಗಿ ಮಾಡಿ. ಒಂದರ ಪಕ್ಕದ್ದನ್ನೇ ಬಿಗಿಯಬೇಡಿ, ಎದುರು-ಬದರು ಬಿಗಿಯಿರಿ. ಇಲ್ಲದಿದ್ದರೆ ಚಕ್ರ ಓರೆಯಾಗಿ ಕೂರುತ್ತದೆ.

ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬಿಲ್ಲದ ಟಯರಿನ ಪಂಚರಿಗೆ ಸಾಮಾನ್ಯವಾಗಿ ನೂರರಿಂದ ಇನ್ನೂರು ರೂಪಾಯಿ. ಜಾಕಿ, ಸ್ಪ್ಯಾನರ್, ತ್ರಿಕೋನ ಇಲ್ಲದವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೊಳ್ಳಬಹುದು. 2020ರ ಅಕ್ಟೋಬರಿನಿಂದ, ಟ್ಯೂಬ್‌ಲೆಸ್ ಟಯರಿನ ಜೊತೆ ಪಂಚರ್ ಕಿಟ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಹೊಸ ಕಾರಿನವರು ಇವತ್ತೇ ಡಿಕ್ಕಿ ತೆರೆದು ನೋಡಿಕೊಳ್ಳಿ.

ಸ್ಟೆಪ್ನಿ ತೆಳ್ಳಗಿನದಾದರೆ ಅದರ ಮೇಲೆ ಬರೆದಿರುವ ವೇಗ ಮೀರಬೇಡಿ, ಹೆಚ್ಚಿನವಕ್ಕೆ ಗಂಟೆಗೆ 80 ಕಿ.ಮೀ. ಸೀದಾ ಪಂಚರ್ ಅಂಗಡಿಗೆ ಹೋಗಿ. ಗಾಳಿ ನೋಡಿಸುವಾಗ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿಸಿ.