ಸಲಾಲ: ನಮ್ಮ ಮಳೆಗಾಳಿ ಮುಟ್ಟುವ ಇನ್ನೊಂದು ದಡ

ವಿಸಿಟ್ ವೀಸಾದಲ್ಲಿ ಗಲ್ಫಿಗೆ ಬಂದ ಉಮ್ಮನಿಗೆ ಮಾಲ್ ತೋರಿಸಿ ಊರಿಗೆ ಕಳಿಸುವ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಒಮಾನ್‌ನಲ್ಲಿರುವವರು ಒಂದು ದಿನ ಬಿಡುವು ಮಾಡಿ ಸಲಾಲ ತೋರಿಸಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ‘ಖರೀಫ್’. ನಮ್ಮ ಊರಿಗೆ ಮಳೆ ತರುವ ಅದೇ ಮುಂಗಾರು ಗಾಳಿ ಧೋಫಾರ್‌ನ ಬೆಟ್ಟಗಳಿಗೆ ಮಂಜು, ಜಿನುಗು ಮಳೆ ತಂದು ಹಸಿರಾಗಿಸುತ್ತದೆ.

ಬೆಳಿಗ್ಗೆ ಪಶ್ಚಿಮಕ್ಕೆ ಹೊರಡಿ. ಸುಮಾರು 40 ಕಿ.ಮೀ. ದೂರದ ಮುಗ್ಸೈಲ್‌ನಲ್ಲಿ ಕಡಲಿನ ನೀರು ಬಂಡೆಯ ತೂತುಗಳಿಂದ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ನೋಡಲು ಚೆಂದ, ಆದರೆ ಬೇಲಿ ದಾಟಬೇಡಿ. 2022ರ ಜುಲೈಯಲ್ಲಿ ಬೇಲಿ ದಾಟಿ ಹೋದ ಭಾರತೀಯರು ಇಲ್ಲಿ ಅಲೆಗೆ ಕೊಚ್ಚಿಹೋದರು, ಅದರಲ್ಲಿ ಮಕ್ಕಳೂ ಇದ್ದರು. ಫೋಟೋ ಆಸೆಗೆ ಜೀವ ಕೊಡುವುದು ಬೇಡ. ಮುಂದೆ ಬೆಟ್ಟ ಹತ್ತಿದರೆ ಒಣ ಕಣಿವೆಗಳಲ್ಲಿ ಲೋಬಾನದ ಮರಗಳು. ತೊಗಟೆ ಕೆತ್ತಿದಾಗ ಒಸರುವ ಹಾಲು ಗಟ್ಟಿಯಾದರೆ ಅದೇ ಲೋಬಾನ.

ಮಧ್ಯಾಹ್ನ ಪೇಟೆಗೆ ವಾಪಸ್ ಬಂದು ದಾರಿಬದಿಯ ಅಂಗಡಿಯಲ್ಲಿ ಬೊಂಡ ಕುಡಿಯಿರಿ. ತೆಂಗು, ಬಾಳೆ ಎಲ್ಲ ನಮ್ಮೂರಿನ ಹಾಗೆಯೇ. ಪಕ್ಕದಲ್ಲೇ ಅಲ್ ಬಲೀದ್, ಹಳೆಯ ಝಫಾರ್ ಪಟ್ಟಣ. ನೂರಕ್ಕೂ ಹೆಚ್ಚು ಕಂಬಗಳಿದ್ದ ಜುಮಾ ಮಸೀದಿಯ ಅವಶೇಷ ಇಲ್ಲಿದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಇಲ್ಲಿಂದ ಭಾರತಕ್ಕೆ ಕುದುರೆ ಹೋಗುತ್ತಿತ್ತು, ಭಾರತದಿಂದ ಅಕ್ಕಿ ಬರುತ್ತಿತ್ತು ಎಂದು ಬರೆದಿದ್ದಾನೆ. ಕಲ್ಲಿಕೋಟೆಯಿಂದ ಇಲ್ಲಿಗೆ ಅವನ ಹಡಗು 28 ದಿನದಲ್ಲಿ ಮುಟ್ಟಿತ್ತು. ಅದೇ ಬತೂತ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರನ್ನು ಕಂಡವನು.

ಸಂಜೆಗೆ ಪೂರ್ವದ ಖೋರ್ ರೋರಿ. ಅಳಿವೆಯ ಮೇಲಿನ ದಿಣ್ಣೆಯಲ್ಲಿ ಸುಮ್ಹುರಂ ಎಂಬ ಎರಡು ಸಾವಿರ ವರ್ಷಕ್ಕೂ ಹಳೆಯ ಬಂದರು ಕೋಟೆ, ಬಾಗಿಲ ಕಲ್ಲಿನಲ್ಲಿ ಪ್ರಾಚೀನ ಲಿಪಿ. ಉತ್ಖನನದಲ್ಲಿ ಭಾರತದ ಪುಟ್ಟ ಕಂಚಿನ ಮೂರ್ತಿಯೂ ಇಲ್ಲಿ ಸಿಕ್ಕಿದೆ. ಅಲ್ ಬಲೀದ್, ಖೋರ್ ರೋರಿ ಎರಡೂ 2000ದಿಂದ ಯುನೆಸ್ಕೋ ಪಟ್ಟಿಯಲ್ಲಿವೆ.

ಗಲ್ಫ್ ಅಂದರೆ ಪೆಟ್ರೋಲ್ ಬಂದ ಮೇಲಿನ ಕಥೆ ಅಂತ ನಮ್ಮ ಮಕ್ಕಳು ತಿಳಿದಿದ್ದಾರೆ. ಕರಾವಳಿಯ ವ್ಯಾಪಾರಿಗಳು ವೀಸಾ ಇಲ್ಲದ ಕಾಲದಲ್ಲಿ ಗಾಳಿ ನೋಡಿ ಹೋಗಿ, ಗಾಳಿ ತಿರುಗಿದಾಗ ಮರಳುತ್ತಿದ್ದರು. ಈ ದಡದಲ್ಲಿ ನಿಂತು ಅದನ್ನು ಮಕ್ಕಳಿಗೆ ಹೇಳಿ.