ಶಾಂತಿಕಾಲದ ಪದಕ, ಯುದ್ಧದ ಚಿತ್ರ

ಮಲಯಾಳಂನಲ್ಲಿ 2006ರಲ್ಲಿ ತೆರೆಕಂಡ 'ಕೀರ್ತಿಚಕ್ರ'ವನ್ನು ಯುದ್ಧದ ಚಿತ್ರವೆಂದೇ ಕರೆಯುವುದು ವಾಡಿಕೆ. ಆದರೆ ಅದರ ಹೆಸರೇ ಬೇರೆ ಮಾತು ಹೇಳುತ್ತದೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳು ರಣರಂಗದಲ್ಲಿ ಶತ್ರುವನ್ನು ಎದುರಿಸಿದವರಿಗೆ ಸಲ್ಲುತ್ತವೆ. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರಗಳು ರಣರಂಗದ ಹೊರಗೆ, ಸರ್ಕಾರದ ಭಾಷೆಯಲ್ಲಿ 'ಶಾಂತಿಕಾಲ'ದಲ್ಲಿ, ಮೆರೆದ ಪರಾಕ್ರಮಕ್ಕೆ. 1952ರಲ್ಲಿ ಈ ಪದಕಗಳು ಸ್ಥಾಪನೆಯಾದಾಗ ಮೂರಕ್ಕೂ ಅಶೋಕ ಚಕ್ರವೆಂದೇ ಹೆಸರು. ಒಂದನೆಯ, ಎರಡನೆಯ, ಮೂರನೆಯ ದರ್ಜೆ ಎನ್ನುತ್ತಿದ್ದರು. ಎರಡನೆಯ ದರ್ಜೆಯದು ಕೀರ್ತಿ ಚಕ್ರವಾದದ್ದು 1967ರಲ್ಲಿ. ದುಂಡನೆಯ ಬೆಳ್ಳಿಯ ಪದಕ, ಹಸಿರು ಪಟ್ಟಿ, ಅದರ ಮೇಲೆ ಕಿತ್ತಳೆ ಬಣ್ಣದ ಎರಡು ಗೆರೆ. (ಅಶೋಕ ಚಕ್ರಕ್ಕೆ ಒಂದೇ ಗೆರೆ, ಶೌರ್ಯ ಚಕ್ರಕ್ಕೆ ಮೂರು. ಗೆರೆ ಹೆಚ್ಚಿದಂತೆ ದರ್ಜೆ ಇಳಿಯುತ್ತದೆ!)

ಕಾಶ್ಮೀರದಲ್ಲಿ ಉಗ್ರಗಾಮಿಯ ಗುಂಡಿಗೆ ಎದೆಯೊಡ್ಡಿದ ಯೋಧನಿಗೂ ಈ ಶಾಂತಿಕಾಲದ ಪದಕವೇ. ಚಿತ್ರದ ಬಿಗಿ ಇರುವುದು ಈ ವಿಪರ್ಯಾಸದಲ್ಲಿ. ಇಲ್ಲಿನ ಎದುರಾಳಿ ಸಮವಸ್ತ್ರ ತೊಟ್ಟು ಗಡಿಯಾಚೆ ನಿಂತವನಲ್ಲ. ಮನೆಗಳ ನಡುವೆ ಅಡಗಿದವನು. ಮೇಜರ್ ಮಹಾದೇವನ್ ಆಗಿ ಮೋಹನ್‌ಲಾಲ್, ಹವಾಲ್ದಾರ್ ಜಯಕುಮಾರ್ ಆಗಿ ತಮಿಳಿನ ಜೀವಾ ನಟಿಸಿದ್ದಾರೆ. ಮಹಾದೇವನ್‌ನ ಪತ್ನಿ, ಮಗಳು ಉಗ್ರರಿಗೆ ಬಲಿಯಾಗುತ್ತಾರೆ. ಪತ್ನಿಯ ಪಾತ್ರ ಬೆಂಗಳೂರಿನ ನೃತ್ಯಗಾತಿ ಲಕ್ಷ್ಮೀ ಗೋಪಾಲಸ್ವಾಮಿಯವರದು.

ನಿರ್ದೇಶಕ ಮೇಜರ್ ರವಿಯವರ ಹೆಸರಿನ ಮುಂದಿರುವ 'ಮೇಜರ್' ಅಲಂಕಾರದ್ದಲ್ಲ. ಅವರು ರಾಷ್ಟ್ರೀಯ ಭದ್ರತಾ ದಳದಲ್ಲಿದ್ದ ಸೇನಾಧಿಕಾರಿ. ರಾಜೀವ್ ಗಾಂಧಿಯವರ ಹಂತಕರ ಬೇಟೆಯಲ್ಲಿ ಪಾಲ್ಗೊಂಡವರು. 1991ರ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಳಗೆ ಕಮಾಂಡೋಗಳು ನುಗ್ಗಿದಾಗ ಸಿಕ್ಕಿದ್ದು ಶಿವರಾಸನ್ ಸೇರಿ 7 ಮಂದಿಯ ಶವಗಳು ಮಾತ್ರ. ಆ ಕಥೆಯನ್ನು ಅವರು ಮಮ್ಮುಟ್ಟಿಯವರನ್ನಿಟ್ಟುಕೊಂಡು 2007ರಲ್ಲಿ 'ಮಿಷನ್ 90 ಡೇಸ್' ಆಗಿ ತೆಗೆದರು. 'ಕೀರ್ತಿಚಕ್ರ'ದ ಯೋಧರ ನಡೆನುಡಿಯಲ್ಲಿ ಕಾಣುವ ನಿಜದ ಕಸುವಿಗೆ ಈ ಅನುಭವವೇ ಮೂಲವಿರಬೇಕು. ಕಾಶ್ಮೀರದ ಜನಸಾಮಾನ್ಯರು ಮಾತ್ರ ತೆಳುವಾಗಿ ಮೂಡಿದ್ದಾರೆ. ಅಲ್ಲಲ್ಲಿ ಭಾಷಣದ ಭಾರವೂ ಉಂಟು.

2008ರ 'ಕುರುಕ್ಷೇತ್ರ'ದಲ್ಲಿ ಮಹಾದೇವನ್ ಕರ್ನಲ್ ಆಗಿ 1999ರ ಕಾರ್ಗಿಲ್‌ಗೆ ಹೋಗುತ್ತಾನೆ. ಅಲ್ಲಿ ಎದುರಾಳಿ ಕಣ್ಣಮುಂದಿನ ಶಿಖರದ ಮೇಲಿದ್ದಾನೆ, ಲೆಕ್ಕ ನೇರ. ಹಾಗಾಗಿಯೇ ಮೊದಲ ಚಿತ್ರದ ತಳಮಳ ಇದರಲ್ಲಿ ಇಲ್ಲ. ಮೋಹನ್‌ಲಾಲ್‌ಗೆ ಸೇನೆಯ ಉಡುಪು ಎಷ್ಟು ಒಪ್ಪಿತೆಂದರೆ, 2009ರಲ್ಲಿ ಪ್ರಾದೇಶಿಕ ಸೇನೆ ಅವರಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿಯನ್ನೇ ಕೊಟ್ಟಿತು.

'ಕೀರ್ತಿಚಕ್ರ' ಬಂದ ಎರಡೇ ವರ್ಷಕ್ಕೆ, 2008ರ ನವೆಂಬರ್ 28ರಂದು, ಮುಂಬೈನ ತಾಜ್ ಹೋಟೆಲಿನಲ್ಲಿ ಉಗ್ರರೊಡನೆ ಕಾದಾಡುತ್ತ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮಡಿದರು. ಕೇರಳದ ಮನೆತನ, ಬೆಂಗಳೂರಿನಲ್ಲಿ ಬೆಳೆದವರು, ಅದೇ ರಾಷ್ಟ್ರೀಯ ಭದ್ರತಾ ದಳದ ಅಧಿಕಾರಿ. ಗಾಯಗೊಂಡ ಸಂಗಾತಿಯನ್ನು ಹೊರಕ್ಕೆ ಸಾಗಿಸಿ, ಉಗ್ರರ ಬೆನ್ನಟ್ಟಿ ಒಬ್ಬರೇ ಮುನ್ನುಗ್ಗಿದ್ದರು. 2009ರ ಗಣರಾಜ್ಯೋತ್ಸವದಂದು ದೆಹಲಿಯಲ್ಲಿ, ಮಗನ ಪರವಾಗಿ ಶಾಂತಿಕಾಲದ ಅತ್ಯುನ್ನತ ಪದಕ ಅಶೋಕ ಚಕ್ರವನ್ನು ಅವರ ತಾಯಿ ಸ್ವೀಕರಿಸಿದರು.